ದೆವ್ವವನ್ನು ಕಂಡವರ ಮಾತು

ಕಳೆದ ತಿಂಗಳು ಮಕ್ಕಳ ಬೇಸಗೆಯ ರಜದ ವಿಚಾರವಾಗಿ ಈ ಪುಟದಲ್ಲಿ ನಾನು ಬರೆದುದನ್ನು ಓದಿ ವಾಚಕಿಯರೊಬ್ಬರು ಒಂದು ಕಾಗದವನ್ನು ಬರೆದಿರುವರು. ಅವರ ಮನೆಗೆ ರಜಕ್ಕೆಂದು ಬಂದ ಏಳೆಂಟು ಮಕ್ಕಳು ರಾತ್ರಿಯ ಊಟವಾದೊಡನೆ ದೀಪವನ್ನು ಆರಿಸಿ, ಮಹಡಿಯ ಮೆಟ್ಟಿಲುಗಳ ಮೇಲೆ ಒತ್ತಾಗಿ ಕುಳಿತು ದೆವ್ವದ ಕಥೆಗಳನ್ನು ಹೇಳಿಕೊಳ್ಳುವರಂತೆ. ಅಷ್ಟೇ ಆಗಿದ್ದರೆ ಆಕೆ ಸುಮ್ಮನಿರುತ್ತಿದ್ದರು. ಎರಡನೆಯ ರಾತ್ರಿ ಮನೆಯ ಹಿರಿಯರೂ ಒಬ್ಬೊಬ್ಬರಾಗಿ ಅಲ್ಲಿಗೆ ಬಂದು ಸೇರಿಕೊಂಡು, ತಾವು ಕಂಡುದನ್ನು ಹೇಳತೊಡಗಿದರು. ಬ್ಯಾಂಕಿನಲ್ಲಿ ಲೆಕ್ಕ ನೋಡುವ ಮೈದುನರು ಸಹ ತಮ್ಮದೊಂದನ್ನು ಹೇಳಿದರು. ಮೂರನೆಯ ರಾತ್ರಿ, ಎಂದೂ ಇಂತಹ ಮಾತಿಗೆ ಬಾರದ ವೃದ್ಧ ಅತ್ತೆಯವರು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿ ಬಂದು ಕುಳಿತರು. ಏನನ್ನೋ ಹೇಳಹೊರಟವರು ಹೇಳದೆಯೇ ಎದ್ದುಹೋದರು. “ಓದುಬರಹ ಬಲ್ಲವರೂ ಇದನ್ನು ಬಿಡಲೊಲ್ಲರೇಕೆ? ತಡೆಯಲೋ, ಬಿಡಲೋ?” ಎಂಬುದು ಆಕೆಯ ಪ್ರಶ್ನೆ.

ದೆವ್ವವುಂಟೋ ಇಲ್ಲವೋ ಎಂದು ಆಕೆ ಕೇಳಿಲ್ಲ. ಅದು ನನ್ನ ಪುಣ್ಯ. ಆ ವಾದದಲ್ಲಿ ಗೆದ್ದವರನ್ನು ನಾನು ಕಾಣೆ. ಆದರೆ ಜನರು ಅದನ್ನು ಹೇಳುವುದೇಕೆ ಎಂಬುದು ಬೇರೆಯೇ ಪ್ರಶ್ನೆ. ದೆವ್ವವಿಲ್ಲದಿದ್ದರೂ ಹೇಳುವ ಮನುಷ್ಯನಂತೂ ಇದ್ದಾನಷ್ಟೆ.

ಸಂಸ್ಕೃತವನ್ನು ಕಲಿಸಿ ಆಯುಷ್ಯವನ್ನು ಕಳೆದವನಾದುದರಿಂದ, ಯಾವ ವಿಷಯವು ಬಂದರೂ ಮೊದಲು ಶಬ್ದದ ಬೇರನ್ನು ಕೆದಕುವ ಚಾಪಲ್ಯವು ನನ್ನನ್ನು ಇನ್ನೂ ಬಿಟ್ಟಿಲ್ಲ, ವಾಚಕರು ಸಹಿಸಿಕೊಳ್ಳಬೇಕು. ‘ಭೂತ’ವೆಂದರೆ ಆಗಿಹೋದುದು. ದೆವ್ವಕ್ಕೂ ಅದೇ ಹೆಸರು, ವ್ಯಾಕರಣದಲ್ಲಿ ಕಳೆದ ಕಾಲಕ್ಕೂ ಅದೇ ಹೆಸರು. ‘ಪ್ರೇತ’ನೆಂದರೆ ಹೊರಟುಹೋದವನು. ಹೆದರಿಕೆಯೆಂಬ ಅರ್ಥವು ಈ ಎರಡು ಶಬ್ದಗಳ ಮೂಲದಲ್ಲಿ ಎಲ್ಲಿಯೂ ಇಲ್ಲ. ಅದನ್ನು ತಂದು ಸೇರಿಸಿದವರು ಉಳಿದಿರುವ ನಾವು.

ಇನ್ನೊಂದು ಸ್ವಾರಸ್ಯವುಂಟು. ಪಾಣಿನಿಯು ಕಳೆದುದನ್ನು ಹೇಳುವ ಲಕಾರಗಳಲ್ಲಿ ಒಂದನ್ನು, ಹೇಳುವವನು ತಾನು ಕಣ್ಣಾರೆ ಕಾಣದಿದ್ದ ಸಂಗತಿಗಾಗಿ ಮೀಸಲಿಟ್ಟಿರುವನು, ಅದೇ ಲಿಟ್. ಹಾಗಾದರೆ ‘ನಾನು ಮಾಡಿದೆನು’ ಎನ್ನುವಲ್ಲಿ ಲಿಟ್ ಬರುವುದು ಹೇಗೆ? ತಾನು ಮಾಡಿದುದನ್ನು ತಾನೇ ಕಾಣದಿರುವುದುಂಟೆ? ವ್ಯಾಖ್ಯಾನಕಾರರು ಉಂಟೆನ್ನುವರು. ನಿದ್ರೆಯಲ್ಲಿಯೋ ಮದದಲ್ಲಿಯೋ ಚಿತ್ತವು ಚೆದುರಿದ್ದಾಗ ಮನುಷ್ಯನು ತನಗೆ ತಾನೇ ಪರೋಕ್ಷನಾಗುವನು. ನಿದ್ದೆಯಲ್ಲಿ ನಾನು ಗೋಳಿಟ್ಟೆನಂತೆ, ಎಂದು ತನ್ನ ವಿಚಾರವನ್ನೇ ಪರರ ವಿಚಾರದಂತೆ ಹೇಳಬೇಕಾಗುವುದು. ಈ ಪಾಠ ಬಂದಾಗಲೆಲ್ಲ ಹುಡುಗರು ನಗುತ್ತಿದ್ದರು. ನಾನೂ ನಗುತ್ತಿದ್ದೆನು. ಅರ್ಧರಾತ್ರಿಯಲ್ಲಿ ಕಂಡುದನ್ನು ಬೆಳಗ್ಗೆ ಹೇಳುವವನ ಪಾಡು ಸರಿಯಾಗಿ ಇದೇ ಎಂಬುದು ನನಗೆ ಹೊಳೆದುದು ನಿವೃತ್ತನಾದ ಮೇಲೆ.

ಕನ್ನಡದಲ್ಲಿ ಇಷ್ಟೊಂದು ಕಷ್ಟವಿಲ್ಲ. ಕ್ರಿಯಾಪದದ ಕೊನೆಗೆ ಒಂದು ‘ಅಂತೆ’ಯನ್ನು ಹಚ್ಚಿದರೆ ಸಾಕು, ಹೊಣೆಯೆಲ್ಲವೂ ಹೇಳಿದವನ ಹೆಗಲಿನಿಂದ ಇಳಿಯುವುದು. ದೆವ್ವದ ಕಥೆಗಳಲ್ಲಿ ‘ಅಂತೆ’ ಇರುವ ಕಥೆಗಳೇ ಒಂದು ಜಾತಿ, ಇಲ್ಲದವುಗಳೇ ಇನ್ನೊಂದು ಜಾತಿ. ಮೊದಲನೆಯದನ್ನು ಜನರು ಗಟ್ಟಿಯಾಗಿ, ಕೈಬೀಸಿ, ಹತ್ತು ಮಂದಿಯ ನಡುವೆ ಹೇಳುವರು. ಎರಡನೆಯದನ್ನು ಹೇಳುವಾಗ ಧ್ವನಿಯು ತಾನಾಗಿ ತಗ್ಗುವುದು. ಇವೆರಡಕ್ಕೂ ಕಾರಣವು ಒಂದೇ ಎಂದು ನನಗೆ ತೋರದು.

ನಮ್ಮ ಹುಟ್ಟೂರು ಮಲೆನಾಡಿನದು. ಅಡಕೆಯ ಕೊಯ್ಲಿನ ಕಾಲದಲ್ಲಿ ಹಗಲು ಇಳಿಸಿದ ಗೊನೆಗಳನ್ನು ರಾತ್ರಿಯೇ ಸುಲಿಯಬೇಕಾಗಿದ್ದಿತು. ಅಂಗಳದ ಚಪ್ಪರದ ಕೆಳಗೆ ಲಾಂದ್ರವನ್ನು ತೂಗುಹಾಕಿ, ಹದಿನೈದಿಪ್ಪತ್ತು ಮಂದಿ ಗಂಡಸರೂ ಹೆಂಗಸರೂ ಮೆಟ್ಟುಗತ್ತಿಗಳ ಮುಂದೆ ಕುಳಿತುಕೊಳ್ಳುವರು. ಸುಲಿದಷ್ಟಕ್ಕೆ ಕೂಲಿ. ನಿದ್ದೆ ತೂಗಿದರೆ ಕೂಲಿ ಹೋಯಿತು. ಅದಕ್ಕಿಂತ ಹೆಚ್ಚಾಗಿ ಬೆರಳೇ ಹೋದೀತು. ಹಾಡು ಒಂದು ಜಾವದವರೆಗೆ ನಡೆಯುವುದು, ಊರ ಸುದ್ದಿ ಇನ್ನಷ್ಟು ಹೊತ್ತು. ಆಮೇಲೆ ಎಚ್ಚರವನ್ನು ಕಾಯುವ ಶಕ್ತಿಯಿದ್ದುದು ದೆವ್ವಕ್ಕೆ ಮಾತ್ರ. ಗದ್ದೆಯಂಚಿನಲ್ಲಿ ಹತ್ತಿ ಆರುವ ಕೊಳ್ಳಿದೆವ್ವ, ಹಳೆಯ ಅಶ್ವತ್ಥದ ಬ್ರಹ್ಮರಾಕ್ಷಸ, ಸಂಕದ ಬಳಿ ಎಲೆಯಡಕೆಗೆ ಸುಣ್ಣ ಕೇಳುವ ಹೆಂಗಸು, ಎಲ್ಲವೂ ಅಲ್ಲಿಗೆ ಬಂದುಹೋಗುವುವು. ಕಂಬದ ಮರೆಯಲ್ಲಿ ಕಂಬಳಿ ಹೊದ್ದು ಕೇಳುತ್ತಿದ್ದ ನಾವು ಹುಡುಗರು, ಬಚ್ಚಲಿಗೆ ಹೋಗಬೇಕಾದರೂ ಮೂವರಾಗಿ ಹೋಗುತ್ತಿದ್ದೆವು. ಕಥೆಗಳ ಸ್ಥಳವನ್ನು ಮಾತ್ರ ಗಮನಿಸಬೇಕು. ಕಟ್ಟೆ ಕುಸಿದ ಬಾವಿ, ಮಳೆಗಾಲದಲ್ಲಿ ಜಾರುವ ಸಂಕ, ಹಾವಿರುವ ಹುತ್ತದ ದಾರಿ, ಇವೇ ದೆವ್ವಗಳ ವಾಸಸ್ಥಾನಗಳು. ತಾಯಂದಿರು ನೂರು ಸಲ ‘ಅಲ್ಲಿಗೆ ಹೋಗಬೇಡ’ ಎಂದುದಕ್ಕಿಂತ ಸುಲಿಯುವವರ ಒಂದು ಕಥೆಯು ನಮ್ಮನ್ನು ಚೆನ್ನಾಗಿ ಕಾಯಿತು. ಈಗ ಅನೇಕ ಮನೆಗಳಲ್ಲಿ ಅಡಕೆ ಸುಲಿಯುವ ಯಂತ್ರಗಳು ಬಂದಿರುವುವು. ಬೆರಳುಗಳು ಉಳಿದುವು, ಸಂತೋಷವೇ. ಆದರೆ ಅದರ ಸದ್ದಿನಲ್ಲಿ ಯಾವ ಬ್ರಹ್ಮರಾಕ್ಷಸನು ಮಾತನಾಡಿಯಾನು?

ಹೆದರಿಕೆಯು ಸುಖವಾಗುವುದೇಕೆ ಎಂಬುದನ್ನು ನಮ್ಮ ಆಲಂಕಾರಿಕರು ಬಹಳ ಹಿಂದೆಯೇ ವಿಚಾರಿಸಿರುವರು. ಭರತನು ಎಣಿಸಿದ ಎಂಟು ರಸಗಳಲ್ಲಿ ಭಯಾನಕವೂ ಒಂದು. ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತನು, ಶಾಕುಂತಲದ ಮೊದಲಲ್ಲಿ ರಥಕ್ಕೆ ಬೆದರಿ ಓಡುವ ಜಿಂಕೆಯನ್ನು ಉದಾಹರಿಸಿ, ಅಲ್ಲಿ ಪ್ರೇಕ್ಷಕನಿಗೆ ತೋರುವ ಭಯವು ‘ನನ್ನದು’ ಎಂದೂ ಅಲ್ಲ, ‘ಅವನದು’ ಎಂದೂ ಅಲ್ಲ ಎನ್ನುವನು. ದೇಶಕಾಲಗಳ ಗಂಟನ್ನು ಬಿಚ್ಚಿದ ಭಯವದು, ಆದುದರಿಂದಲೇ ಆಸ್ವಾದ್ಯ. ಚಪ್ಪರದ ಕೆಳಗಿನ ಭಯವೂ ಇಂತಹದೇ. ಹತ್ತು ಮಂದಿಗೆ ಒಟ್ಟಿಗೆ ಆದ ಹೆದರಿಕೆಯಲ್ಲಿ ಪ್ರತಿಯೊಬ್ಬನ ಪಾಲು ಸ್ವಲ್ಪವೇ. ಭುಜಕ್ಕೆ ಭುಜ ತಾಗಿಕೊಂಡು ಕುಳಿತವರಿಗೆ ಕತ್ತಲೆಯು ದೂರದಲ್ಲಿರುವುದು.

‘ಅಂತೆ’ಯ ಕಥೆಯು ಕೆಲವೊಮ್ಮೆ ಒಂದು ಪಟ್ಟಣವನ್ನೇ ಹಿಡಿಯುವುದುಂಟು. ೧೯೯೦ರ ದಶಕದಲ್ಲಿ ಬೆಂಗಳೂರಿನಲ್ಲಿ ರಾತ್ರಿ ಒಂದು ಹೆಣ್ಣು ದೆವ್ವವು ಬಂದು ಮನೆಯವರ ಧ್ವನಿಯಲ್ಲಿಯೇ ಕೂಗಿ ಬಾಗಿಲು ತಟ್ಟುವುದೆಂದೂ, ಬಾಗಿಲು ತೆರೆದವರು ಬದುಕರೆಂದೂ ಸುದ್ದಿ ಹಬ್ಬಿತು. ಜನರು ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವವು ಬಂದು ಓದಿ ಹಿಂದಿರುಗುವುದು; ಮರುದಿನ ಬಂದರೆ ಮತ್ತೆ ‘ನಾಳೆ ಬಾ’. ಕನ್ನಡವನ್ನು ಓದಬಲ್ಲ, ಬರೆದುದಕ್ಕೆ ವಿಧೇಯವಾಗಿ ನಡೆಯುವ ದೆವ್ವ! ನನ್ನ ತರಗತಿಯಲ್ಲಿ ಇಂತಹ ಶಿಷ್ಯರು ಇಬ್ಬರಿದ್ದರೂ ನಾನು ಧನ್ಯನಾಗುತ್ತಿದ್ದೆನು. ಸಾಲಗಾರರನ್ನು ಇದೇ ಮಂತ್ರದಿಂದ ಹಿಂದಕ್ಕೆ ಕಳುಹಿಸುತ್ತ ಬಂದ ಜಾತಿ ನಮ್ಮದಾದುದರಿಂದ, ಉಪಾಯವು ಯಾರಿಗೆ ಮೊದಲು ಹೊಳೆಯಿತೆಂದು ಹುಡುಕಬೇಕಾಗಿಲ್ಲ.

ಎಲ್ಲ ‘ಅಂತೆ’ಗಳೂ ಇಷ್ಟು ನಿರುಪದ್ರವಿಗಳಲ್ಲ. ಇಂತಹವಳ ದೃಷ್ಟಿಯಿಂದ ಮಗು ಸೊರಗಿತಂತೆ, ಇಂತಹ ಮನೆಯವರು ಮಾಟ ಮಾಡಿಸಿದರಂತೆ, ಎಂದು ಬದುಕಿರುವವರ ಹೆಸರನ್ನು ಹಿಡಿದೊಡನೆ ಕಥೆಯು ಕಥೆಯಾಗಿ ಉಳಿಯದೆ ಅಪವಾದವಾಗುವುದು. ದೆವ್ವ ಬಿಡಿಸುವೆವೆಂದು ಕಾಯಿಲೆಯವರನ್ನು ಹೊಡೆಯುವ ಕ್ರೌರ್ಯವನ್ನು ನಮ್ಮ ರಾಜ್ಯದಲ್ಲಿ ೨೦೧೭ರ ಕಾಯಿದೆಯು ಅಪರಾಧವೆಂದು ಎಣಿಸಿದೆ. ಅದು ಸರಿಯಾದುದೇ; ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಇನ್ನು ‘ಅಂತೆ’ಯಿಲ್ಲದ ಕಥೆಯ ವಿಚಾರ. ‘ನಾನೇ ಕಂಡೆನು’ ಎನ್ನುವವನು ಹಿಂದಿನವನಂತೆ ಕೇಳುವವರನ್ನು ಹೆದರಿಸಲು ಹೊರಟವನಲ್ಲ. ಗಮನಿಸಿ ನೋಡಿದರೆ, ಅವನು ನಮ್ಮ ಮುಖವನ್ನೇ ನೋಡುತ್ತಿರುವನು. ಒಂದು ಪ್ರಶ್ನೆಯನ್ನು ಕಥೆಯ ವೇಷದಲ್ಲಿ ತಂದಿರುವನು. ರೋಮಿನ ಕಿರಿಯ ಪ್ಲಿನಿಯು ಸುಮಾರು ೧೯೦೦ ವರ್ಷಗಳ ಹಿಂದೆ ಸುರಾ ಎಂಬ ಮಿತ್ರನಿಗೆ ಬರೆದ ಓಲೆಯೊಂದು ಉಳಿದಿದೆ. ಅಥೆನ್ಸ್ ನಗರದ ಒಂದು ಮನೆಯಲ್ಲಿ ಸಂಕೋಲೆಯ ಸದ್ದಿನೊಡನೆ ನಡೆಯುವ ಮುದುಕನ ಛಾಯೆ. ಅದನ್ನು ಕೇಳಿಯೂ ಆ ಮನೆಯನ್ನು ಬಾಡಿಗೆಗೆ ಹಿಡಿದ ಅಥೆನೊಡೋರಸ್ ಎಂಬ ತತ್ತ್ವಜ್ಞ. ಛಾಯೆಯು ಕೈಬೀಸಿ ಕರೆದರೆ ‘ತಾಳು’ ಎಂದು ಸನ್ನೆಮಾಡಿ ಬರೆಯುತ್ತಲೇ ಇದ್ದ ಅವನ ಧೈರ್ಯ. ಅದು ಮಾಯವಾದ ಸ್ಥಳವನ್ನು ಅಗೆಸಿದಾಗ ದೊರೆತ ಸಂಕೋಲೆ ಸುತ್ತಿದ ಎಲುಬುಗಳು. ಅವಕ್ಕೆ ಸಂಸ್ಕಾರವಾದ ಮೇಲೆ ಮನೆಯು ಶಾಂತವಾದುದು. ಇದೆಲ್ಲವನ್ನೂ ಪ್ಲಿನಿಯು ಬರೆದುದು ವಿದ್ವಾಂಸನಾದ ಗೆಳೆಯನಿಂದ ಒಂದು ತೀರ್ಮಾನವನ್ನು ಪಡೆಯಲು: ಛಾಯೆಗಳು ನಿಜವೋ, ನಮ್ಮ ಭೀತಿಯು ಕಟ್ಟಿದ ರೂಪಗಳೋ, ತಿಳಿಸು ಎಂದು. ಸುರಾ ಕೊಟ್ಟ ಉತ್ತರವು ನಮಗೆ ಉಳಿದುಬಂದಿಲ್ಲ.

ಪಾಶ್ಚಾತ್ಯರು ಈ ಪ್ರಶ್ನೆಯನ್ನು ಲೆಕ್ಕದಿಂದ ಬಿಡಿಸಲು ಯತ್ನಿಸಿದುದೂ ಉಂಟು. ೧೮೮೨ರಲ್ಲಿ ಲಂಡನ್ನಿನಲ್ಲಿ ಇಂತಹ ಅನುಭವಗಳ ಪರಿಶೋಧನೆಗೆಂದು ಒಂದು ಸಂಘವು ಏರ್ಪಟ್ಟಿತು. ಎಚ್ಚರವಾಗಿದ್ದಾಗಲೇ, ಹೊರಗಿನ ಕಾರಣವೇನೂ ಇಲ್ಲದೆ, ಯಾರನ್ನಾದರೂ ಕಂಡಂತೆ, ಅವರ ಧ್ವನಿಯನ್ನು ಕೇಳಿದಂತೆ, ಅವರು ಮುಟ್ಟಿದಂತೆ ನಿಮಗೆ ಆದುದುಂಟೆ ಎಂದು ೧೭,೦೦೦ ಮಂದಿಯನ್ನು ಕೇಳಿ ೧೮೯೪ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರು ಉಂಟೆಂದಿದ್ದರು.

ರಾತ್ರಿ ಎದೆಯ ಮೇಲೆ ಯಾರೋ ಬಂದು ಕುಳಿತಂತಾಗಿ, ಕೂಗಲಾರದೆ ಕೈಕಾಲಾಡಿಸಲಾರದೆ ಬಿದ್ದಿದ್ದೆನೆಂದು ಹೇಳುವವರು ನಮ್ಮಲ್ಲಿಯೂ ಬಹಳ. ಇದಕ್ಕೆ ಈಗ ಶರೀರಶಾಸ್ತ್ರದ ಸಮಾಧಾನವಿದೆ. ಕನಸಿನ ನಿದ್ರೆಯಲ್ಲಿ ನಾವು ಎದ್ದು ಓಡದಂತೆ ಮಿದುಳು ಮಾಂಸಖಂಡಗಳನ್ನು ಸಡಿಲಗೊಳಿಸಿರುವುದು. ಆ ಕಟ್ಟು ಬಿಚ್ಚುವುದಕ್ಕೆ ಮೊದಲೇ ಎಚ್ಚರವಾದರೆ, ಕಣ್ಣು ಕೋಣೆಯನ್ನು ಕಾಣುವುದು, ಮೈ ಮಾತ್ರ ಏಳದು, ಕನಸಿನ ಶೇಷವು ಎದುರಿಗೇ ನಿಲ್ಲುವುದು. ಅಮೆರಿಕದ ಡೇವಿಡ್ ಹಫರ್ಡ್ ಎಂಬ ಜಾನಪದ ವಿದ್ವಾಂಸನು ನ್ಯೂಫೌಂಡ್‌ಲೆಂಡ್ ದ್ವೀಪದಲ್ಲಿ ಜನರು ‘ಮುದಿ ಮಾಟಗಾತಿ’ ಎಂದು ಹೇಳುವ ಇದೇ ಪೀಡೆಯ ವಿಚಾರವಾಗಿ ೧೯೮೨ರಲ್ಲಿ ಒಂದು ಗ್ರಂಥವನ್ನು ಬರೆದನು. ಆ ಕಥೆಯನ್ನು ಎಂದೂ ಕೇಳದವರು ಸಹ ಅದೇ ಅನುಭವವನ್ನು ಅದೇ ವಿವರಗಳೊಡನೆ ಹೇಳಿದರೆಂಬುದು ಅವನ ಮುಖ್ಯವಾದ ಮಾತು. ವಿದ್ಯಾರ್ಥಿದಶೆಯಲ್ಲಿ ಅದು ಅವನಿಗೇ ಆಗಿದ್ದಿತು. ಬಹುಕಾಲ ಅವನು ಯಾರೊಡನೆಯೂ ಬಾಯಿಬಿಟ್ಟಿರಲಿಲ್ಲ.

ಬಾಯಿಬಿಡದೆ ಇರುವುದು! ಪ್ರಕೃತವು ಇಲ್ಲಿಗೆ ಬಂದು ನಿಲ್ಲುವುದು. ವೇಲ್ಸ್ ದೇಶದ ಡೆವಿ ರೀಸ್ ಎಂಬ ವೈದ್ಯನು ತನ್ನ ಸೀಮೆಯ ೨೯೩ ಮಂದಿ ವಿಧವೆಯರನ್ನೂ ವಿಧುರರನ್ನೂ ಕಂಡು ಮಾತನಾಡಿಸಿ, ೧೯೭೧ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯೊಂದರಲ್ಲಿ ಬರೆದನು. ಅವರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿ, ತೀರಿಕೊಂಡ ಗಂಡನೋ ಹೆಂಡತಿಯೋ ಬಳಿಯಲ್ಲಿರುವಂತೆ ಅರಿತಿದ್ದರು. ಕೆಲವರು ಕಂಡಿದ್ದರು, ಕೆಲವರು ಧ್ವನಿಯನ್ನು ಕೇಳಿದ್ದರು. ಹೆಚ್ಚಿನವರಿಗೆ ಅದರಿಂದ ಹೆದರಿಕೆಯಾಗಿರಲಿಲ್ಲ, ಸಮಾಧಾನವೇ ಆಗಿದ್ದಿತು. ಆದರೂ ಹತ್ತರಲ್ಲಿ ಏಳು ಮಂದಿ, ಈತನು ಹೋಗಿ ಕೇಳುವವರೆಗೆ, ಯಾರಿಗೂ ಹೇಳಿರಲಿಲ್ಲ.

ಈ ಲೆಕ್ಕವನ್ನು ಮೊದಲು ಓದಿದಾಗ ನನಗೆ ನೆನಪಿಗೆ ಬಂದವನು ಒಬ್ಬ ಹುಡುಗ. ಮೂವತ್ತು ವರ್ಷಗಳ ಹಿಂದಿನ ಮಾತು. ಶಾಲೆಯ ಹೆಸರು ಬೇಡ. ಎಂಟನೆಯ ತರಗತಿಯ ಆ ಹುಡುಗನು ಒಂದು ಬೆಳಗ್ಗೆ ಶಬ್ದರೂಪಗಳನ್ನು ಬರೆದು ತಂದಿರಲಿಲ್ಲ. ಏತಕ್ಕೆಂದು ಕೇಳಿದರೆ, “ರಾತ್ರಿ ಅಮ್ಮ ಬಂದಿದ್ದಳು, ಸಾರ್” ಎಂದನು. ಅವನ ತಾಯಿಯು ತೀರಿಕೊಂಡು ಮೂರು ತಿಂಗಳಾಗಿದ್ದಿತು. ಅದು ನನಗೆ ತಿಳಿದಿದ್ದಿತು. ಆದರೂ ನಾನು ಅವನನ್ನು ಕರೆದು ನಿಲ್ಲಿಸಿ, ಹಲಗೆಯ ಮೇಲೆ ‘ರಜ್ಜು’, ‘ಸರ್ಪ’ ಎಂದು ಅವನಿಂದಲೇ ಬರೆಯಿಸಿ, ಮಬ್ಬಿನಲ್ಲಿ ಹಗ್ಗವು ಹಾವಾಗಿ ತೋರುವ ವೇದಾಂತದ ದೃಷ್ಟಾಂತವನ್ನು ಬಹಳ ಸೊಗಸಾಗಿ ವಿವರಿಸಿದೆನು. ತರಗತಿಯು ನಕ್ಕಿತು. ವಿಚಾರಶಕ್ತಿಯನ್ನು ಬೆಳೆಯಿಸಿದೆನೆಂದು ನಾನು ಹಿಗ್ಗಿದೆನು. ಹಗ್ಗದ ಹಾವು ಸುಳ್ಳಾದರೂ ಅದನ್ನು ಕಂಡವನ ನಡುಕವು ಸುಳ್ಳಲ್ಲವೆಂದು ಅದೇ ವೇದಾಂತಿಗಳು ಹೇಳಿರುವ ಮಾತು ಆ ದಿನ ನನ್ನ ನಾಲಗೆಗೆ ಬರಲಿಲ್ಲ. ಆ ಹುಡುಗನು ಮತ್ತೆರಡು ವರ್ಷ ನನ್ನ ಕೈಕೆಳಗೆ ಓದಿದನು. ಕೇಳಿದ ಪ್ರಶ್ನೆಗೆ ಉತ್ತರವನ್ನು ಬಿಟ್ಟು ಬೇರೊಂದು ಮಾತನ್ನು ನನ್ನೊಡನೆ ಆಡಲಿಲ್ಲ.

ನನ್ನ ಪತ್ನಿಯು ಹೋಗಿ ಈಗ ನಾಲ್ಕು ವರ್ಷ. ಆಕೆಗೆ ಒಂದು ಅಭ್ಯಾಸವಿದ್ದಿತು. ನಸುಕಿನಲ್ಲಿ ಕಾಫಿಯ ಡಿಕಾಕ್ಷನ್ ಇಳಿಯದೆ ನಿಂತರೆ ಫಿಲ್ಟರಿನ ಕಂಠವನ್ನು ಚಮಚದಿಂದ ಎರಡು ಸಲ ತಟ್ಟುವಳು. ಎರಡೇ ಸಲ. ಆಕೆ ಹೋದ ಎರಡನೆಯ ತಿಂಗಳಿನಲ್ಲಿ ಒಂದು ನಸುಕು ಆ ಸದ್ದು ನನಗೆ ಕೇಳಿಸಿತು. ಎದ್ದು ಹೋಗಿ ನೋಡಿದೆನು. ಫಿಲ್ಟರು ಗೂಡಿನಲ್ಲಿ ಬೋರಲಾಗಿ, ಒಣಗಿ, ಇಟ್ಟಂತೆಯೇ ಇದ್ದಿತು. ಬಳಿಕ ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಕೇಳಿಸುವುದು. ನಲ್ಲಿಯ ಹನಿಯೆಂದುಕೊಂಡು ನಲ್ಲಿಯನ್ನು ರಿಪೇರಿ ಮಾಡಿಸಿದೆನು. ಹಲ್ಲಿಯೆಂದುಕೊಂಡೆನು. ನಿದ್ರೆಯ ಅಂಚಿನ ಭ್ರಮೆಯೆಂದು ಪುಸ್ತಕಗಳನ್ನು ತರಿಸಿ ಓದಿದೆನು. ಮೇಲೆ ಹೇಳಿದ ಪಾಶ್ಚಾತ್ಯರ ಪರಿಚಯವೆಲ್ಲವೂ ನನಗೆ ಆದುದು ಆಗಲೇ. ಮಗನಿಗೆ ಹೇಳಲಿಲ್ಲ. ಹಗ್ಗಹಾವಿನ ಉಪಾಧ್ಯಾಯನು ಹೇಳುವುದಾದರೂ ಹೇಗೆ?

ಒಂದು ವರ್ಷದ ಮೇಲೆ ಊರಿನಲ್ಲಿ ಅಕ್ಕನ ಮನೆಗೆ ಹೋಗಿದ್ದೆನು. ಮಳೆಗೆ ಕರೆಂಟು ಹೋಗಿದ್ದಿತು. ಮೊಮ್ಮಕ್ಕಳು ದೆವ್ವದ ಕಥೆಗೆ ಕುಳಿತು, “ಅಜ್ಜಯ್ಯ, ನೀವು ಒಂದಾದರೂ ಕಂಡಿದ್ದೀರಾ?” ಎಂದರು. “ಇಲ್ಲ” ಎಂದೆನು. ಮಕ್ಕಳು ಮಲಗಿದ ತರುವಾಯ ಅಕ್ಕನು ಎಲೆಗೆ ಸುಣ್ಣ ಹಚ್ಚುತ್ತ, ತಲೆಯೆತ್ತದೆ,

“ಮಕ್ಕಳ ಹತ್ತಿರ ಸುಳ್ಳು ಹೇಳಿದೆಯಲ್ಲ, ಮಾರಾಯ,” ಎಂದಳು.

ನಾನು ಹೇಳಿದೆನು. ಫಿಲ್ಟರು, ಚಮಚ, ನಲ್ಲಿ, ಎಲ್ಲವನ್ನೂ. ಅಕ್ಕನು ಭ್ರಮೆಯೆನ್ನಲಿಲ್ಲ, ಶಾಂತಿ ಮಾಡಿಸೆನ್ನಲಿಲ್ಲ.

“ಎರಡೇ ಸಲವೋ?” ಎಂದು ಕೇಳಿದಳು.

“ಎರಡೇ.”

“ನಿನ್ನ ಭಾವನದು ದಣಪೆಯ ಹತ್ತಿರ ಕೆಮ್ಮು. ಒಳಗೆ ಬರುವ ಮುಂಚೆ ಕೆಮ್ಮುತ್ತಿರಲಿಲ್ಲವೇ, ಹಾಗೆ. ಹನ್ನೊಂದು ವರ್ಷವಾಯಿತು.”

“ಇಷ್ಟು ದಿನ ನನಗೊಂದು ಮಾತು ಹೇಳಲಿಲ್ಲವಲ್ಲ, ಅಕ್ಕ?”

“ನೀನು ನಗ್ತೀಯ ಅಂತ.”

ಆ ರಾತ್ರಿ ನಾವು ಮಲಗುವಾಗ ಎರಡು ಗಂಟೆ. ಹೆಚ್ಚು ಹೊತ್ತು ಮಾತನಾಡಿದುದು ಸದ್ದುಗಳ ವಿಚಾರವನ್ನಲ್ಲ. ಭಾವನವರ ಮುಂಗೋಪ, ನನ್ನವಳ ಕೈಯ ಅಪ್ಪೆಹುಳಿ, ಅವರಿಬ್ಬರೂ ಒಂದು ಮದುವೆಯ ಮನೆಯಲ್ಲಿ ಜಗಳವಾಡಿ ಮೂರು ತಿಂಗಳು ಮಾತು ಬಿಟ್ಟುದು, ಹೀಗೆ. ಒಂದು ವರ್ಷದಿಂದ ಅವಳ ಹೆಸರನ್ನು ನನ್ನೆದುರು ಯಾರೂ ಅಷ್ಟು ಸಲ ಆಡಿರಲಿಲ್ಲ.

ಹಾಸಿಗೆಯಲ್ಲಿ ಬಿದ್ದುಕೊಂಡಾಗ ನನಗೆ ನೆನಪಾದುದು ಸೋಮದೇವನ ಕಥಾಸರಿತ್ಸಾಗರದ ಮೊದಲ ಲಂಬಕ. ಅದನ್ನು ಎಷ್ಟೋ ಸಲ ಓದಿ ಹೇಳಿದ್ದೆನು. ಶಿವನು ಪಾರ್ವತಿಗೆ ಏಕಾಂತದಲ್ಲಿ ಹೇಳಿದ ಕಥೆಯನ್ನು ಕದ್ದು ಕೇಳಿದ ಪುಷ್ಪದಂತನಿಗೂ, ಅವನ ಪರವಾಗಿ ಬೇಡಿಕೊಂಡ ಮಾಲ್ಯವಂತನಿಗೂ ಭೂಮಿಯಲ್ಲಿ ಹುಟ್ಟುವ ಶಾಪ. ಕುಬೇರನ ಶಾಪದಿಂದ ಪಿಶಾಚನಾಗಿ ವಿಂಧ್ಯಾರಣ್ಯದಲ್ಲಿರುವ ಕಾಣಭೂತಿಗೆ ಕಥೆಯನ್ನು ಹೇಳಿದಾಗ ಪುಷ್ಪದಂತನಿಗೆ ಬಿಡುಗಡೆ. ಕಾಣಭೂತಿಯು ಅದನ್ನು ಮಾಲ್ಯವಂತನಿಗೆ ಹೇಳಿದಾಗ ಆ ಪಿಶಾಚನಿಗೆ ಬಿಡುಗಡೆ. ಮಾಲ್ಯವಂತನು ಗುಣಾಢ್ಯನಾಗಿ ಅದನ್ನು ಲೋಕದಲ್ಲಿ ಹರಡಿದಾಗ ಅವನಿಗೆ. ಗುಣಾಢ್ಯನು ಕಾಡಿನಲ್ಲಿ ಮಸಿ ದೊರೆಯದೆ ತನ್ನ ರಕ್ತದಿಂದ ಏಳು ಲಕ್ಷ ಶ್ಲೋಕಗಳನ್ನು ಪೈಶಾಚೀ ಭಾಷೆಯಲ್ಲಿ ಬರೆದನು. ಪಿಶಾಚಭಾಷೆಯೆಂದು ಸಾತವಾಹನರಾಜನು ತಿರಸ್ಕರಿಸಲು, ಬೆಂಕಿಯನ್ನು ಹೊತ್ತಿಸಿ, ಒಂದೊಂದೇ ಎಲೆಯನ್ನು ಮೃಗಪಕ್ಷಿಗಳಿಗೆ ಓದಿ ಹೇಳಿ ಸುಡುತ್ತ ಬಂದನು. ಮೃಗಗಳು ಮೇವನ್ನು ಬಿಟ್ಟು ಕಣ್ಣೀರಿಡುತ್ತ ಕೇಳಿದುವು. ರಾಜನು ಎಚ್ಚೆತ್ತು ಬರುವಷ್ಟರಲ್ಲಿ ಉಳಿದುದು ಒಂದು ಲಕ್ಷ. ಅಲ್ಲಿ ಪಿಶಾಚನಿಗೆ ಮಂತ್ರವಾದಿಯೂ ಇಲ್ಲ, ಬೇವಿನ ಸೊಪ್ಪೂ ಇಲ್ಲ. ಅವನು ಕೇಳಬೇಕು, ಆಮೇಲೆ ಹೇಳಬೇಕು, ಅಷ್ಟೇ.

ಅಕ್ಕನಿಗೆ ಹೇಳಿದ ಮೇಲೆ ಆ ಸದ್ದು ಕಡಮೆಯಾಯಿತು. ಈ ವರ್ಷ ಕೇಳಿದುದು ಒಂದೇ ಸಲ, ಅದೂ ಸಂದೇಹ. ಇದಕ್ಕೆ ಸಂತೋಷಪಡಬೇಕೋ ಹೇಗೋ ನನಗೆ ತಿಳಿಯದು. ಕೆಲವು ನಸುಕುಗಳಲ್ಲಿ ಎಚ್ಚರವಾಗಿ ಕಾದಿರುವೆನು.

ಪ್ರಶ್ನೆ ಕೇಳಿದ ಮಹನೀಯರಿಗೆ ಒಂದೆರಡು ಮಾತು. ಮಕ್ಕಳನ್ನು ತಡೆಯಬೇಡಿರಿ. ಎಲ್ಲರಿಗಿಂತ ಚಿಕ್ಕ ಮಗುವನ್ನು ನಡುವೆ ಕುಳ್ಳಿರಿಸಿರಿ, ಕಥೆ ಮುಗಿದ ಮೇಲೆ ಅದನ್ನು ಒಂಟಿಯಾಗಿ ಮಲಗಿಸಬೇಡಿರಿ. ನೆರೆಹೊರೆಯವರ ಹೆಸರು ಬಂದೊಡನೆ ಅಲ್ಲಿಗೆ ನಿಲ್ಲಿಸಿರಿ. ನಿಮ್ಮ ಮೈದುನರ ಕಥೆಗೆ ಕಾರಣವನ್ನು ಹುಡುಕಿ ಹೇಳಲು ಆತುರಪಡಬೇಡಿರಿ; ಲೆಕ್ಕ ಬಲ್ಲವರು, ಅವರೇ ಹುಡುಕಿರುವರು. ಮಾವನವರು ತೀರಿಕೊಂಡು ಎಷ್ಟು ವರ್ಷವಾಯಿತೆಂದು ನೀವು ಬರೆದಿಲ್ಲ. ಮಕ್ಕಳು ತಮ್ಮ ತಮ್ಮ ಊರುಗಳಿಗೆ ಹಿಂದಿರುಗಿದ ಮೇಲೆ ಒಂದು ರಾತ್ರಿ ಕೆಲಸವೆಲ್ಲ ಮುಗಿಸಿ, ಆ ಕೆಳಗಿನ ಮೆಟ್ಟಿಲಿನಲ್ಲಿ ಅತ್ತೆಯವರ ಪಕ್ಕಕ್ಕೆ ಕುಳಿತು, ಅಂದು ಏನು ಹೇಳಹೊರಟಿದ್ದಿರಿ ಎಂದು ಕೇಳಿ ನೋಡಿರಿ. ದೀಪವನ್ನು ಹಾಕಬೇಡಿರಿ.